ಏಳನೇ ಮಡಿಯ ಮೌನ

ಹುಲ್ಲು ಅಳುತ್ತದೆ ಎಂದರೆ ಯಾರು ನಂಬುತ್ತಾರೆ ಹೇಳಿ? ಆದರೆ ಮೇವು ಸಂಶೋಧನಾ ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ಕೂತಿದ್ದ ವಿಶಾಲಾಕ್ಷಿಗೆ ಆ ಬೆಳಿಗ್ಗೆ ತಲೆ ಕೆಟ್ಟದ್ದು ಹುಲ್ಲು ಅತ್ತದ್ದಕ್ಕಲ್ಲ, ಒಂದು ಹುಲ್ಲು ಅಳದೇ ಇದ್ದದ್ದಕ್ಕೆ.

ಆ ಅಳುವಿನ ವಿಷಯ ಮೊದಲು ಹೇಳಿಬಿಡುವುದು ಒಳ್ಳೆಯದು. ಗಿಡದೊಳಗೆ ನೀರು ಏರುವುದು ಕೂದಲಿಗಿಂತ ಸಣ್ಣ ಕೊಳವೆಗಳಲ್ಲಿ. ಬೇರಿನ ಸುತ್ತ ಉಪ್ಪು ಹೆಚ್ಚಾದರೆ ಬೇರಿಗೆ ನೀರು ಎಳೆಯಲು ಆಗುವುದಿಲ್ಲ. ಮೇಲಿನ ಎಲೆಯಾದರೋ ಬಿಸಿಲಿಗೆ ನೀರು ಕೇಳುವುದನ್ನು ಬಿಡುವುದಿಲ್ಲ. ಈ ಜಗ್ಗಾಟದಲ್ಲಿ ಕೊಳವೆಯೊಳಗಿನ ನೀರಿನ ಎಳೆ ಪಟ್ಟನೆ ತುಂಡಾಗುತ್ತದೆ. ಮನುಷ್ಯರ ಕಿವಿಗೆ ನಿಲುಕದಷ್ಟು ಚೂಪಾದ ಸದ್ದು ಅದು. ಅದನ್ನು ಹಿಡಿಯಲೆಂದೇ ಕೇಂದ್ರದ ತಂತ್ರಜ್ಞ ಖಾಜಾಹುಸೇನ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥ ಒಂದು ಸಾಧನ ಮಾಡಿದ್ದ. ಕಾಂಡಕ್ಕೆ ಕಚ್ಚಿಸಿದರೆ ಮುಗಿಯಿತು, ಸದ್ದುಗಳನ್ನೆಲ್ಲ ಎಣಿಸಿ ಪರದೆಯ ಮೇಲೆ ಗೆರೆ ಎಳೆಯುತ್ತಿತ್ತು. ಗೆರೆ ಮೇಲೇರಿದರೆ ಗಿಡ ಒದ್ದಾಡುತ್ತಿದೆ ಎಂದರ್ಥ. ದಾಖಲೆಗಳಲ್ಲಿ ಅದಕ್ಕೆ ಒಂದು ಮೊಳ ಉದ್ದದ ಹೆಸರಿತ್ತು. ಕೇಂದ್ರದಲ್ಲಿ ಎಲ್ಲರೂ ಅದನ್ನು ಕರೆಯುತ್ತಿದ್ದದ್ದು ‘ಕಿವಿ’ ಎಂದೇ.

ಕಿವಿ ಬೇಕಾದದ್ದಾದರೂ ಯಾಕೆ? ಎಡದಂಡೆ ಕಾಲುವೆಯ ಕೊನೆಯ ಊರುಗಳಿಗೆ ಸಿಹಿನೀರು ಬರುವುದು ನಿಂತು ಆಗಲೇ ಎಷ್ಟೋ ವರ್ಷವಾಗಿತ್ತು. ಮೇಲಿನ ಗದ್ದೆಗಳ ಉಪ್ಪನ್ನೆಲ್ಲ ತೊಳೆದುಕೊಂಡು ಬಸಿಗಾಲುವೆಗೆ ಇಳಿದ ಸವಳು ನೀರೇ ಅವರ ಪಾಲಿಗೆ ಉಳಿದದ್ದು. ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು, ತಲೆಗೆ ದಿನಕ್ಕೊಂದು ಕೊಡ. ಭತ್ತ ಹೋಯಿತು, ಜೋಳ ಹೋಯಿತು. ಉಳಿದದ್ದು ಎಮ್ಮೆ. ಆ ಎಮ್ಮೆಗಳಿಗೆ ಹೊಟ್ಟೆ ತುಂಬ ಮೇವು ಬೇಕೆಂದರೆ ಸವಳು ನೀರು ಕುಡಿದು ಬೆಳೆಯುವ ಹುಲ್ಲು ಬೇಕು. ಎಂಟು ಜಾತಿಯ ಹುಲ್ಲನ್ನು ಎಂಟು ಮಡಿಗಳಲ್ಲಿ ಹಾಕಿ, ಎಲ್ಲಕ್ಕೂ ಅದೇ ಬಸಿಗಾಲುವೆಯ ನೀರು ಬಿಟ್ಟು, ಯಾವುದು ತಡೆಯುತ್ತದೆ ಎಂದು ಕಿವಿಗೊಟ್ಟು ಕೇಳುವುದು ವಿಶಾಲಾಕ್ಷಿಯ ಕೆಲಸ.

ಹುಲ್ಲಿನ ಬಾಳಿನಲ್ಲಿ ಅತಿ ನಾಜೂಕಿನ ಹೊತ್ತು ಎಂದರೆ ಹೊಡೆ ತುಂಬುವ ಹೊತ್ತು. ತೆನೆ ಇನ್ನೂ ಹೊರಗೆ ಬಂದಿರುವುದಿಲ್ಲ. ಎಲೆಯ ಸುರುಳಿಯೊಳಗೇ ಅಡಗಿರುತ್ತದೆ, ಕಾಂಡ ಉಬ್ಬಿಕೊಂಡಿರುತ್ತದೆ. ಆಗ ಉಪ್ಪು ತಾಕಿದರೆ ಎಂಥ ಗಟ್ಟಿ ಹುಲ್ಲೂ ಕುಸಿಯುತ್ತದೆ. ಎಂಟೂ ಮಡಿಗಳು ಹೊಡೆಗೆ ಬಂದ ದಿನ ಎಂಟೂ ಗೆರೆಗಳು ಜೊತೆಯಾಗಿ ಮೇಲೇರಿದವು. ಮರುದಿನ ಏಳನೆಯದು ಮಾತ್ರ ಸದ್ದಿಲ್ಲದೆ ಕೆಳಗಿಳಿದು ಮಲಗಿಬಿಟ್ಟಿತು. ಉಳಿದ ಏಳು ಹುಲ್ಲು ಲಬೋ ಲಬೋ ಎನ್ನುತ್ತಿದ್ದರೆ ಏಳನೆಯದಕ್ಕೆ ತನಗೇನೂ ಸಂಬಂಧವಿಲ್ಲ ಎಂಬ ಭಾವ.

“ಖಾಜಾ, ನಿನ್ನ ಕಿವಿ ಕೈ ಕೊಟ್ಟೈತಿ ನೋಡು” ಎಂದಳು ವಿಶಾಲಾಕ್ಷಿ.

“ಬದ್ಲಿ ಮಾಡೀನ್ರಿ ಮೇಡಂ. ಹೊಸಾದೂ ಅದನ್ನ ಹೇಳ್ತೈತಿ. ಆರನೇದರ ಕಿವಿ ತಂದು ಏಳಕ್ಕ ಹಾಕಿದೆ, ಸುಮ್ಮನಾತು. ಏಳರದು ಒಯ್ದು ಆರಕ್ಕ ಹಾಕಿದೆ, ಬಡಕೊಳ್ಳಾಕ ಹತ್ತಿತು. ಕಿವಿದೇನೂ ತಪ್ಪಿಲ್ರಿ.”

“ಮಣ್ಣಿನ ಉಪ್ಪಿನ ಮೀಟರು?”

“ಏಳರೊಳಗ ಒಂಚೂರು ಕೆಳಗ ತೋರಸ್ತಿತ್ರಿ. ಮೀಟರು ಕೆಟ್ಟಿರ್ಬೇಕಂತ ತಗದು ಬ್ಯಾರೇದು ಹಾಕೀನಿ.”

“ಅದೇನ್ ಹೇಳ್ತೈತಿ?”

“ಅದೂ ಒಂಚೂರು ಕೆಳಗನ ತೋರಸ್ತೈತಿ” ಎಂದ ಖಾಜಾಹುಸೇನ, ತಪ್ಪು ತನ್ನದೇ ಎಂಬಂತೆ ತಲೆ ಕೆರೆದುಕೊಳ್ಳುತ್ತ. “ಎರಡೂ ಒಂದ ಪೆಟ್ಟಿಗಿಯಾಗ ಬಂದಿದ್ವು. ಇಡೀ ಪೆಟ್ಟಿಗಿನ ಕೆಟ್ಟಿರ್ಬೇಕ್ರಿ.”

ವಿಶಾಲಾಕ್ಷಿ ಹೊಲಕ್ಕೇ ಹೋಗಿ ನೋಡಿದಳು. ಏಳನೇ ಮಡಿ ಹಚ್ಚಗೆ ನಿಂತಿತ್ತು. ಪಕ್ಕದ ಬದುವಿನ ಮೇಲೆ ಒಂದು ಸ್ಪೀಕರ್ ಪೆಟ್ಟಿಗೆ. ಹಿಂದೊಮ್ಮೆ ಯಾರೋ ದೊಡ್ಡವರು ಬರುತ್ತಾರೆಂದು, ಹುಲ್ಲಿನ ಸದ್ದನ್ನು ಮನುಷ್ಯರಿಗೆ ಕೇಳುವಷ್ಟು ತಗ್ಗಿಸಿ ಕೇಳಿಸಲು ಖಾಜಾಹುಸೇನ ಇಟ್ಟಿದ್ದು. ದೊಡ್ಡವರು ಬಂದರು, ‘ವಾಹ್’ ಎಂದರು, ಫೋಟೋ ತೆಗೆಸಿಕೊಂಡು ಹೋದರು. ಬಿಸಿಲಿನ ಕರೆಂಟಿನಲ್ಲಿ ನಡೆಯುವ ಪೆಟ್ಟಿಗೆ ಅಲ್ಲೇ ಉಳಿಯಿತು. ಈಗ ಅದರಿಂದಲೂ ಸದ್ದಿಲ್ಲ. ಕಳೆ ತೆಗೆಯುವ ಹೆಂಗಸರು ಐದು ಜನ ಸಾಲಾಗಿ ಕೂತು ತಮ್ಮ ಕೆಲಸ ಮಾಡುತ್ತಿದ್ದರು, ಇವಳನ್ನು ನೋಡಿ ಮಾತು ನಿಲ್ಲಿಸಿದರು. ಅಧಿಕಾರಿ ಬಂದರೆ ಮಾತು ನಿಲ್ಲುವುದು ಹೊಸದೇನಲ್ಲ, ಅವಳು ಅದನ್ನು ಗಮನಿಸಲೂ ಇಲ್ಲ.

*

ಕೇಂದ್ರದ ಹಿಂದಿನ ಕ್ವಾರ್ಟರ್ಸಿನಲ್ಲಿ ವಿಶಾಲಾಕ್ಷಿಯ ಸಂಸಾರ. ಗಂಡನಿಗೆ ರಾಯಚೂರಿನಲ್ಲಿ ಕೆಲಸ, ಶನಿವಾರ ಬಂದು ಸೋಮವಾರ ಹೋಗುವವನು. ಹೀಗಾಗಿ ಮನೆಯಲ್ಲಿ ಇರುತ್ತಿದ್ದವರು ಅತ್ತೆ, ಸೊಸೆ ಮತ್ತು ಗಿಡ್ಡಿ. ಗಿಡ್ಡಿ ಎಂದರೆ ಎಮ್ಮೆ. ಕಾಲುವೆಯ ಕೊಟ್ಟಕೊನೆಯ ಯರಗುಂಟಿಯಲ್ಲಿ ಮೇವು ಮುಗಿದಾಗ ಅತ್ತೆ ಹಂಪಮ್ಮ ಟ್ರಂಕಿನ ಜೊತೆ ಎಮ್ಮೆಯನ್ನೂ ಟೆಂಪೋದಲ್ಲಿ ಏರಿಸಿಕೊಂಡು ಬಂದಿಳಿದಿದ್ದಳು. ಕ್ವಾರ್ಟರ್ಸಿನಲ್ಲಿ ದನ ಕಟ್ಟುವಂತಿಲ್ಲ ಎಂದು ಕಾವಲುಗಾರ ಹೇಳಲು ಬಂದ. ಮೊಸರಿನ ಗಡಿಗೆ ನೋಡಿ ಹೋದ. ಮತ್ತೆ ಆ ಮಾತು ಎತ್ತಲಿಲ್ಲ.

“ಏನಾತವ್ವಾ ನಿನ್ನ ಹುಲ್ಲಿಂದು? ನಗತೈತೋ ಅಳತೈತೋ?” ಸೊಸೆ ಚಪ್ಪಲಿ ಬಿಡುವ ಮೊದಲೇ ಅತ್ತೆಯ ಪ್ರಶ್ನೆ.

“ಏಳನೇದು ಸುಮ್ಮನ ಐತ್ರಿ ಅತ್ತಿ.”

“ಸುಮ್ಮನ ಐತಿ ಅಂದ್ರ ಚಲೋನೋ ಕೆಟ್ಟೋ?”

“ಚಲೋನ ಇರ್ಬೇಕು. ನನಗ ಒಂದೂ ತಿಳಿವಲ್ದು.”

“ಚಲೋ ಐತಂದ ಮ್ಯಾಲ ತಿಳಿಯೂದೇನೈತಿ ಅದ್ರಾಗ? ನೀ ಇಷ್ಟ ಓದಿದ್ದು ತಿಳೀದಂಗ ಆಗಾಕೇನ?” ಎಂದು ನಗುತ್ತಲೇ ಹಂಪಮ್ಮ ಫೋನು ಎತ್ತಿಕೊಂಡಳು. ಅವಳು ಫೋನಿನಲ್ಲಿ ಮಾತಾಡಿದರೆ ಯರಗುಂಟಿಗೆ ಫೋನೇ ಬೇಕಿಲ್ಲ, ಅಷ್ಟು ದೊಡ್ಡ ಗಂಟಲು. “ಯಾರೂ ಎಮ್ಮಿ ಮಾರಬ್ಯಾಡ್ರಿ! ನನ್ನ ಸೊಸಿ ಹುಲ್ಲು ಹುಡಿಕ್ಯಾಳ! ಬನದ ಹುಣ್ಣಿಮಿಗೆ ಬೀಜ ಕಟಗೊಂಡ ಬರ್ತೀನಿ. ಹೌದು ಹೌದು, ಸವಳು ನೀರಾಗ ಬೆಳೀತೈತಿ. ಮಷಿನ್ನ ಹೇಳೈತಿ!”

ವಿಶಾಲಾಕ್ಷಿ ಬೇಡ ಬೇಡ ಎಂದು ಕೈ ಆಡಿಸಿದಳು. ಅತ್ತೆ ಆಶೀರ್ವಾದ ಮಾಡುವವರಂತೆ ಕೈ ಎತ್ತಿ ಅವಳನ್ನು ಸುಮ್ಮನಿರಿಸಿದಳು. ಊರಿನಲ್ಲಿ ಉಳಿದದ್ದೇ ಇಪ್ಪತ್ತು ಮನೆ. ಬರುವ ವಾರದ ಸಂತೆಗೆ ಎಮ್ಮೆ ಹೊಡೆದುಕೊಂಡು ಹೋಗಿ ಮಾರಿ, ಬೀಗ ಹಾಕಿ ಎಲ್ಲಾದರೂ ಹೋಗೋಣ ಎಂದು ಅವರು ಮಾತಾಡಿಕೊಂಡಿದ್ದರು. ಹಂಪಮ್ಮನ ಒಂದು ಮಾತಿಗೆ ಎಲ್ಲರೂ ತಡೆದರು. ಒಣ ಸೊಪ್ಪೋ ಮತ್ತೊಂದೋ ತಿನ್ನಿಸಿ ಮೂರು ತಿಂಗಳಾಚೆಯ ಬನದ ಹುಣ್ಣಿಮೆಯ ತನಕ ಹೇಗೋ ದೂಡುತ್ತೇವೆ ಎಂದರು. ಏಳನೆಯ ಹುಲ್ಲು ನಿಜವಾಗಿ ಉಪ್ಪು ತಡೆಯುತ್ತದೋ ಇಲ್ಲವೋ ಎಂಬುದರ ಮೇಲೆ ಈಗ ಇಡೀ ಊರು ಕೂತಿತ್ತು.

*

ಅನುಮಾನ ಹೊಟ್ಟೆಯೊಳಗೆ ಕೂತರೆ ವಿಜ್ಞಾನಿಗೆ ಇರುವ ಮದ್ದು ಒಂದೇ, ಇನ್ನೊಂದು ಪರೀಕ್ಷೆ. ಹೊಲದಲ್ಲಿದ್ದ ಎಂಟೂ ಜಾತಿಯ ಹೆಚ್ಚುವರಿ ಸಸಿಗಳು ಗಾಜಿನ ಮನೆಯಲ್ಲಿ ಕುಂಡಗಳಲ್ಲಿದ್ದವು. ಅವುಗಳಿಗೂ ಅದೇ ಬಸಿಗಾಲುವೆಯ ನೀರು ಬಿಟ್ಟಳು. ಬೀಗದ ಕೈ ತನ್ನ ಸೊಂಟಕ್ಕೇ ಸಿಕ್ಕಿಸಿಕೊಂಡು, ಹೊಡೆ ತುಂಬುವುದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು.

ಹೊಡೆ ತುಂಬಿತು. ಕಿವಿ ಕಚ್ಚಿಸಿದರು. ಪರದೆಯ ಮೇಲೆ ಏಳನೆಯ ಹುಲ್ಲಿನ ಗೆರೆ ಎಲ್ಲಕ್ಕಿಂತ ಮೇಲೆ ಹೋಗಿ, ಪರದೆ ಮುಗಿಯಿತೆಂದು ನಿಂತಿತು.

“ಇದೇನೋ ಇದು!” ಎಂದಳು ವಿಶಾಲಾಕ್ಷಿ.

“ನನ್ನ ಕೇಳಬ್ಯಾಡ್ರಿ ಮೇಡಂ” ಎಂದ ಖಾಜಾಹುಸೇನ.

ಅದೇ ಬೀಜ, ಅದೇ ನೀರು, ಅದೇ ಉಪ್ಪು. ಹೊರಗೆ ಮೌನಿ, ಒಳಗೆ ಎಲ್ಲರಿಗಿಂತ ದೊಡ್ಡ ಗಂಟಲು! ಗಾಳಿಯ ವ್ಯತ್ಯಾಸವೇ? ಬಿಸಿಲಿನದೇ? ಹೊಲದ ಮಣ್ಣಿನಲ್ಲಿ ಬೇರಿಗೆ ಉಪಕಾರ ಮಾಡುವ ಸೂಕ್ಷ್ಮಜೀವಿ ಏನಾದರೂ ಇದೆಯೇ? ಹಾಗಿದ್ದರೆ ಅದು ಏಳನೇ ಮಡಿಯೊಳಗಷ್ಟೇ ಯಾಕಿರಬೇಕು, ಒಂದು ಗೇಣು ಬದು ದಾಟಿದರೆ ಆರನೆಯ ಮಡಿ, ಜೀವಿಗೆ ಬದು ದಾಟಲು ಪಾಸು ಬೇಕೇ? ಅವಳು ಎದ್ದರೂ ಅದೇ, ಕೂತರೂ ಅದೇ. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಮರುದಿನ ಹಾಕುವುದನ್ನೇ ಮರೆತಳು. “ಈ ಮನಿಯಾಗ ಉಪ್ಪು ಎಲ್ಲಿಗೆ ಬೇಕೋ ಅಲ್ಲಿಗಿಲ್ಲ” ಎಂದು ಅತ್ತೆ ತಟ್ಟೆ ಸರಿಸಿದಳು.

ನಿರ್ದೇಶಕರಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ಅವರು ಏಳನೇ ಮಡಿಯ ಮುಂದೆ ನಿಂತು ನೋಡಿದರು, ಎಲೆ ಮುಟ್ಟಿದರು. “ಹೊಲದ ಫಲಿತಾಂಶನ ನಮಗ ಮುಖ್ಯರಿ. ರೈತರು ಹುಲ್ಲು ಬೆಳಿಯೂದು ಹೊಲದಾಗ, ಗಾಜಿನ ಮನಿಯಾಗಲ್ಲ. ನೀವೊಂದು ಸಹಿ ಹಾಕಿಬಿಡ್ರಿ, ಬೀಜ ಹಂಚೂಣು” ಎಂದರು.

“ಸರ್, ಯಾಕ ಹಿಂಗಾಗೈತಿ ಅಂತ ಗೊತ್ತಾಗಲಿ. ಗೊತ್ತಾಗದ ನಾ ಹೆಂಗ ಸಹಿ ಹಾಕ್ಲಿ?”

“ಎಲ್ಲಾ ಗೊತ್ತಾಗಿ ಮಾಡಿದ ಕೆಲಸ ಜಗತ್ತಿನ್ಯಾಗ ಎಷ್ಟ ಅದಾವ್ರಿ, ವಿಶಾಲಾಕ್ಷಿಯವರ?” ಎಂದು ಅವರು ನಕ್ಕು ಜೀಪು ಹತ್ತಿದರು.

*

ಕೊನೆಗೆ ಅವಳು ಕಳೆ ಕೀಳುವ ಒಂದು ಸಣ್ಣ ಕುರ್ಚಿಗಿ ಹಿಡಿದು, ಮಣ್ಣಿನ ಮಾದರಿ ತೆಗೆಯೋಣವೆಂದು ಮಧ್ಯಾಹ್ನ ತಾನೇ ಏಳನೇ ಮಡಿಗೆ ಹೋದಳು. ಊಟದ ಹೊತ್ತು. ಹೆಂಗಸರು ದೂರದ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದ್ದರು. ಹುಲ್ಲಿನ ಬುಡ ಸರಿಸಿದರೆ ಒಳಗೆ ಏನೋ ಹಸಿರು ಹೊಳೆಯಿತು. ಬಳೆ. ಒಂದಲ್ಲ, ಹತ್ತಾರು ಹಸಿರು ಗಾಜಿನ ಬಳೆ, ದಾರದಲ್ಲಿ ಕಟ್ಟಿ ಕಾಂಡಗಳಿಗೆ ತೊಡಿಸಿದ್ದು. ಪಕ್ಕದಲ್ಲಿ ಅರಿಸಿನದ ಕೊಂಬು, ಅಡಿಕೆ, ಕುಂಕುಮ, ನೆನೆದು ಬಣ್ಣ ಬಿಟ್ಟ ಒಂದು ಕುಬಸದ ಕಣ, ಅಂದರೆ ರವಿಕೆಯ ಬಟ್ಟೆ.

ಯಾರಾದರೂ ಮಾಟ ಮಾಡಿಸಿದರೇ ಎಂಬ ಯೋಚನೆ ಅವಳ ಓದಿದ ತಲೆಯೊಳಗೂ ಒಂದು ಕ್ಷಣ ಹಾದುಹೋಯಿತು. ಆಮೇಲೆ ಬೆರಳಿಗೆ ಹಸಿ ಮಣ್ಣು ಹತ್ತಿತು. ಬಸಿಗಾಲುವೆಯ ನೀರು ಬಿಡಲು ಇನ್ನೂ ಎರಡು ದಿನವಿತ್ತು. ಆರನೇ ಮಡಿಯ ಮಣ್ಣು ಮುಟ್ಟಿದಳು, ಒಣಗಿ ಮೇಲೆ ಬಿಳಿಯ ಉಪ್ಪಿನ ಹೊಪ್ಪಳೆ ಎದ್ದಿತ್ತು. ಏಳರ ಮಣ್ಣನ್ನು ನಾಲಿಗೆಗೆ ಮುಟ್ಟಿಸಿ ನೋಡಿದಳು. ಉಪ್ಪಿತ್ತು, ಇರಬೇಕಾದಷ್ಟು ಇರಲಿಲ್ಲ. ಪಾಪದ ಮೀಟರು, ಅದು ಮೊದಲಿನಿಂದ ನಿಜವನ್ನೇ ಹೇಳುತ್ತಿತ್ತು!

ಹಿಂದೆ ಹೆಜ್ಜೆ ಸಪ್ಪಳವಾಯಿತು. ಕಳೆ ತೆಗೆಯುವ ಹುಲಿಗೆಮ್ಮ, ಸೊಂಟದಲ್ಲಿ ಅರ್ಧ ತುಂಬಿದ ಕೊಡ. ಇವಳನ್ನು ಕಂಡವಳೇ ಕೊಡವನ್ನು ಸೆರಗಿನೊಳಗೆ ಮುಚ್ಚಲು ನೋಡಿದಳು. ಕೊಡ ಸೆರಗಿನೊಳಗೆ ಅಡಗುತ್ತದೆಯೇ?

“ಕದ್ದಿಲ್ರಿ ಮೇಡಮ್ಮಾರ” ಎಂದಳು, ಮುಖ ಬಿಳಿಚಿಕೊಂಡು. “ನಮ್ಮ ಪಾಲಿನ ಕುಡಿಯೂ ನೀರ್ರಿ. ನಾವ ಐದೂ ಮಂದಿ ಕೂಡಿ ಅರ್ಧರ್ಧ ಉಳಿಸಿ ಹಾಕಾಕತ್ತೀವಿ.”

“ಯಾಕ, ಹುಲಿಗೆಮ್ಮಾ?”

“ಯಾಕಂದ್ರ... ಸೀಗಿ ಹುಣ್ಣಿಮಿ ಮುಂದ ಅಲ್ರಿ ಇದು ಹೊಡಿ ತುಂಬಿದ್ದು?”

ಆ ಸೀಮೆಯ ಪದ್ಧತಿ ಗೊತ್ತಿಲ್ಲದವರಿಗೆ ಇಲ್ಲೊಂದು ಮಾತು ಹೇಳಬೇಕು. ಸೀಗಿ ಹುಣ್ಣಿಮೆಯ ಹೊತ್ತಿಗೆ ಹೊಲದಲ್ಲಿ ನಿಂತ ಪೈರು ಬಸುರಿ ಎಂದು ಲೆಕ್ಕ. ಮನೆಮಂದಿಯೆಲ್ಲ ಬಯಕೆಯ ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೈರಿಗೆ ಉಡಿ ತುಂಬಿ, ಉಣಿಸಿ, ಆಮೇಲೆ ತಾವು ಉಣ್ಣುತ್ತಾರೆ. ಸವಳು ಹತ್ತಿ ಈ ಹೆಂಗಸರ ಹೊಲಗಳು ಹಾಳು ಬಿದ್ದು ಎಷ್ಟೋ ಕಾಲವಾಗಿತ್ತು. ಉಡಿ ತುಂಬಲು ಪೈರೇ ಇರಲಿಲ್ಲ.

“ಅವತ್ತ ಬುತ್ತಿ ಬಿಚ್ಚಿ ಕುಂತಿದ್ವಿರಿ” ಎಂದಳು ಹುಲಿಗೆಮ್ಮ. “ಈ ಪೆಟ್ಟಿಗಿಯೊಳಗಿಂದ ನರಳೂ ಸಪ್ಪಳ ಬಂತು ನೋಡ್ರಿ, ನನ್ನ ಎದಿ ಧಸಕ್ ಅಂತು. ದಿನಾ ತುಂಬಿದ ಹೆಣಮಗಳು ಬ್ಯಾನಿ ತಿಂದಂಗ! ಹೊಡಿ ತುಂಬಿದ್ದಕ್ಕ ಉಪ್ಪುನೀರು ಕುಡಿಸಿ ನರಳಸಾಕತ್ತೀವಿ, ಅದರ ಮುಂದ ಕುಂತು ಹೋಳಿಗಿ ಹೆಂಗ ಗಂಟಲಾಗ ಇಳೀಬೇಕ್ರಿ? ಈರಮ್ಮ ಅಂತೂ ಅತ್ತಬಿಟ್ಟಳು. ಕೊಡದಾಗಿನ ನೀರು ಹಾಕಿದ್ವಿ. ಹೊತ್ತ ಇಳಿಯೂದ್ರಾಗ ಸುಮ್ಮನಾತ್ರಿ. ಮರುದಿನ ನಮ್ಮ ನಮ್ಮ ಬಳಿ ತಂದು ಉಡಿ ತುಂಬಿದ್ವಿ. ಆಮ್ಯಾಲ ಯಾವಾಗ ನರಳಾಕ ಸುರು ಮಾಡತಿತ್ತೋ ಅವಾಗ ಒಂದೊಂದ ಕೊಡ.”

“ಮತ್ತ ಇಲ್ಲೇ ಬಾಜೂಕ ಆರನೇದೈತಿ. ಆ ಕಡೆ ಎಂಟನೇದೈತಿ. ಅವಕ್ಕ ಯಾಕ ಹಾಕಲಿಲ್ಲ?”

ಹುಲಿಗೆಮ್ಮ ಇದೆಂಥ ಪ್ರಶ್ನೆ ಎಂಬಂತೆ ನೋಡಿದಳು. “ಅವು ನರಳಲಿಲ್ಲಲ್ರಿ.”

ವಿಶಾಲಾಕ್ಷಿ ಬದುವಿನ ಮೇಲೆ ಕೂತಳು. ಸ್ಪೀಕರ್ ಇದ್ದದ್ದು ಒಂದೇ. ಅದರ ತಂತಿ ಹೋದದ್ದು ಏಳನೇ ಮಡಿಗೆ, ಯಾಕೆಂದರೆ ಜೀಪು ನಿಲ್ಲುವ ಜಾಗಕ್ಕೆ ಅದೇ ಹತ್ತಿರ. ಎಂಟೂ ಹುಲ್ಲು ಅತ್ತವು. ಒಂದರ ಅಳು ಕೇಳಿಸಿತು, ಕೇಳಿಸಿದ್ದಕ್ಕೆ ನೀರು ಸಿಕ್ಕಿತು, ನೀರು ಸಿಕ್ಕಿದ್ದಕ್ಕೆ ಸುಮ್ಮನಾಯಿತು. ಸುಮ್ಮನಾದದ್ದಕ್ಕೆ ತಾನು ಅದನ್ನು ಗಟ್ಟಿ ಹುಲ್ಲು ಎಂದುಕೊಂಡಳು! ಅವಳಿಗೆ ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು. ಹುಲಿಗೆಮ್ಮ ಗಾಬರಿಯಾಗಿ ಕೊಡದಿಂದ ಒಂದು ಬೊಗಸೆ ನೀರು ಹಿಡಿದು “ಮೇಡಮ್ಮಾರ, ಮಖಾ ತೊಳಕೋರಿ” ಎಂದಳು.

ಬೈಯಬೇಕೋ ಕಾಲಿಗೆ ಬೀಳಬೇಕೋ ತಿಳಿಯದೆ ವಿಶಾಲಾಕ್ಷಿ ಮುಖ ತೊಳೆದುಕೊಂಡಳು.

*

ಅತ್ತೆಗೆ ಹೇಳದೆ ವಿಧಿಯಿರಲಿಲ್ಲ. ಸಂಜೆ ಗಿಡ್ಡಿಯ ಹಾಲು ಕರೆಯುತ್ತ ಕೂತಿದ್ದ ಹಂಪಮ್ಮನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಕರೆಯುವ ಕೈ ನಿಂತಿತು.

“ಅಂದ್ರ ಆ ಹುಲ್ಲು ಉಪ್ಪು ತಡಿಯಂಗಿಲ್ಲ?”

“ಇಲ್ರಿ. ಎಂಟರೊಳಗ ಅದ ಎಲ್ಲಕ್ಕಿಂತ ಸೂಕ್ಷ್ಮ ಇರಬೇಕು.”

“ನಿನ್ನ ಮಾತು ಕಟಗೊಂಡು ನಾ ಊರ ಮಂದಿಗೆಲ್ಲ ಎಮ್ಮಿ ಮಾರಬ್ಯಾಡ್ರಿ ಅಂದೆನಲ್ಲೇ! ಯಾವ ಮುಖ ಹೊತಗೊಂಡು ಹೋಗ್ಲಿ ನಾನು? ಬಸವಂತಪ್ಪ ತನ್ನ ಮನಿ ಛಾವಣಿ ಹುಲ್ಲು ಕಿತ್ತು ಎಮ್ಮಿಗೆ ಹಾಕ್ಯಾನ, ಗೊತ್ತೈತೇನ ನಿನಗ?” ಹಂಪಮ್ಮ ಎದ್ದು ನಿಂತಳು. “ಸುಮ್ಮನ ಐತಿ, ಸುಮ್ಮನ ಐತಿ ಅಂದಿ. ಯಾಕ ಸುಮ್ಮನ ಐತಿ ಅಂತ ಹೋಗಿ ಕೇಳಬೇಕೋ ಬ್ಯಾಡೋ?”

“ಯಾರನ್ನ ಕೇಳಬೇಕಿತ್ರಿ ಅತ್ತಿ? ಹುಲ್ಲನ್ನ?”

“ಹುಲ್ಲಿನ ಬಾಜೂಕ ಕುಂತಾವ್ರನ್ನ!” ಎಂದು ಹಂಪಮ್ಮ ಹಾಲಿನ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ದಡಾರನೆ ಮುಚ್ಚಿದಳು. ಗಿಡ್ಡಿ ತಿರುಗಿ ಸೊಸೆಯನ್ನೇ ನೋಡಿತು. ನಿಜ, ಆ ಐದು ಜನರನ್ನು ವಿಶಾಲಾಕ್ಷಿ ದಿನವೂ ದಾಟಿಕೊಂಡು ಹೋಗಿದ್ದಳು.

ಬೆಳಿಗ್ಗೆ ಅವಳು ಕಂಟ್ರೋಲ್ ರೂಮಿಗೆ ಹೋದಾಗ ವಿಷಯ ಕೇಳಿದ್ದ ಖಾಜಾಹುಸೇನ ಸ್ಕ್ರೂಡ್ರೈವರ್ ಹಿಡಿದು ಸಿದ್ಧನಾಗಿದ್ದ. ಹುಲ್ಲು ಕೊಯ್ದು, ಮತ್ತೆ ಚಿಗುರಿ, ಮತ್ತೆ ಹೊಡೆಗೆ ಬರುವ ಹೊತ್ತಿಗೆ ಬನದ ಹುಣ್ಣಿಮೆಗೆ ಇನ್ನೂ ಸ್ವಲ್ಪ ದಿನ ಇರುತ್ತದೆ. ಇನ್ನೊಂದು ಪರೀಕ್ಷೆಗೆ ಅಷ್ಟೇ ಸಮಯ.

“ಆ ಸ್ಪೀಕರ್ ಕಿತ್ತು ಬಿಸಾಕ್ತೀನ್ರಿ ಮೇಡಂ. ಎಲ್ಲಾ ರಾಡಿ ಮಾಡಿದ್ದು ಅದ.”

“ಕಿತ್ತರ ಏನಾತು? ಏಳನೇದು ನರಳತೈತಿ ಅಂತ ಅವ್ರಿಗೆ ಈಗ ಗೊತ್ತೈತಿ. ಉಡಿ ತುಂಬ್ಯಾರ. ಕೇಳಸದಿದ್ರೂ ಹಾಕ್ತಾರ.” ಅವಳು ಪರದೆಯ ಗೆರೆಗಳನ್ನೇ ನೋಡುತ್ತ ತನಗೇ ಖಾತ್ರಿಯಿಲ್ಲದ ದನಿಯಲ್ಲಿ ಹೇಳಿದಳು. “ಒಂದಕ್ಕ ಬಾಯಿ ಕೊಟ್ಟಿದ್ದ ತಪ್ಪು ಖಾಜಾ. ಇನ್ನೂ ಏಳು ಸ್ಪೀಕರ್ ಸಿಗ್ತಾವೇನು?”

“ಎಂಟಕ್ಕೂ ಹಚ್ಚೂದ್ರಿ?”

“ಎಂಟಕ್ಕೂ. ಮತ್ತ ಎಂಟಕ್ಕೂ ಒಂದೊಂದ ಕೊಡ ಸಿಹಿನೀರು. ಒಂದ ಸಲ. ಅಷ್ಟ ಸಾಕಾಗೂ ಹುಲ್ಲು ಯಾವ್ದರ ಐತೇನು ನೋಡೂಣು.”

ಹೀಗೊಂದು ಪರೀಕ್ಷೆ ಮಾಡಬೇಕೆಂದು ಅವಳು ಮೊದಲು ಯೋಚಿಸಿಯೇ ಇರಲಿಲ್ಲ. ಪೂರ್ತಿ ಉಪ್ಪು ತಡೆಯುವ ಹುಲ್ಲು ಎಂಟರಲ್ಲಿ ಒಂದೂ ಇಲ್ಲ ಎಂಬುದು ಈಗ ಖಚಿತವಾಗಿತ್ತು. ಆದರೆ ನಾಜೂಕಿನ ಆ ಹೊತ್ತಿನಲ್ಲಿ ಒಂದು ಗುಟುಕು ಸಿಕ್ಕರೆ ದಾಟಿಕೊಳ್ಳುವುದು ಇದ್ದರೂ ಇರಬಹುದು. ನಿರ್ದೇಶಕರು ಕೇಳಿ ಹುಬ್ಬು ಗಂಟಿಕ್ಕಿದರು. “ಸವಳು ನೀರಿನ ಪರೀಕ್ಷೆಗೆ ಸಿಹಿನೀರು ಕೊಡು ಅಂದ್ರ ನನ್ನ ತಲೀ ಕೆಟ್ಟೈತಿ ಅಂತಾರ. ನೀರು ಕೊಡಾಕಾಗೂದಿಲ್ಲ. ಬ್ಯಾರೆ ಏನರ ಮಾಡಕೋರಿ” ಎಂದರು.

*

ಎಂಟೂ ಮಡಿ ಎರಡನೇ ಸಲ ಹೊಡೆ ತುಂಬಿದ ದಿನ ಖಾಜಾಹುಸೇನ ಎಂಟೂ ಪೆಟ್ಟಿಗೆಗಳಿಗೆ ತಂತಿ ಕೂಡಿಸಿದ.

ವಿಶಾಲಾಕ್ಷಿ ಪರದೆಯ ಮೇಲೆ ಆ ಗೆರೆಗಳನ್ನು ಎಷ್ಟೋ ಸಲ ನೋಡಿದ್ದಳು, ಕಿವಿಯಾರೆ ಕೇಳಿದ್ದು ಅದೇ ಮೊದಲು. ತುಕ್ಕು ಹಿಡಿದ ಬಾಗಿಲು ತೆರೆದಂಥ ಒಂದು ನರಳಿಕೆ, ನಡುನಡುವೆ ಉಸಿರು ಸಿಕ್ಕಿಕೊಂಡಂತೆ ಪಟಪಟ. ಒಂದೊಂದು ಮಡಿಯದು ಒಂದೊಂದು ದನಿ. ಎಂಟೂ ಒಟ್ಟಿಗೆ ಎದ್ದಾಗ ಬೇವಿನ ಮರದ ಕಾಗೆಗಳು ಹಾರಿಹೋದವು. ಕೈಯಲ್ಲಿ ಕೊಡ ಹಿಡಿದ ಐದೂ ಹೆಂಗಸರು ಹೊಲದ ನಡುವೆ ಬೆಪ್ಪಾಗಿ ನಿಂತುಬಿಟ್ಟರು. ಈರಮ್ಮ ಏಳರ ಕಡೆ ಎರಡು ಹೆಜ್ಜೆ ಹಾಕಿ, ಎರಡರ ದನಿ ಕೇಳಿ ಹಿಂದಕ್ಕೆ ತಿರುಗಿ, ಅಲ್ಲೇ ನಿಂತಳು.

“ಅಯ್ಯಯ್ಯೋ, ಎಲ್ಲಾ ನರಳತಿದ್ವಲ್ರಿ!” ಎಂದಳು ಹುಲಿಗೆಮ್ಮ. ಅವಳ ಕಣ್ಣು ತುಂಬಿದ್ದವು. “ನಾವ ಇವುಗಳ ಬಾಜೂಕ ಕುಂತು ಉಂಡೀವಲ್ರಿ. ಈಗ ಯಾವ್ದರ ಕಡೆ ಓಡೂದು?”

“ನನಗೂ ತಿಳಿವಲ್ದು ಹುಲಿಗೆಮ್ಮಾ” ಎಂದಳು ವಿಶಾಲಾಕ್ಷಿ. “ಅದಕ್ಕ ಎಲ್ಲಕ್ಕೂ ಒಂದೊಂದ ಕೊಡ. ಹೆಚ್ಚಿಲ್ಲ, ಕಡಿಮಿಲ್ಲ.”

ಐದು ಕೊಡ ಅವರವು. ಆರನೆಯದು ವಿಶಾಲಾಕ್ಷಿಯ ಮನೆಯ ಪಾಲು, ಏಳನೆಯದು ಖಾಜಾಹುಸೇನನ ಮನೆಯದು. ಎಂಟನೆಯದು ಕಚೇರಿಯ ಚಹಾದ ನೀರು. ಅದನ್ನು ಖಾಜಾಹುಸೇನ ಯಾರನ್ನೂ ಕೇಳದೆ ಎತ್ತಿಕೊಂಡು ಬಂದಿದ್ದ. ಆ ದಿನ ನಿರ್ದೇಶಕರಿಗೆ ಚಹಾ ಸಿಗಲಿಲ್ಲ, ಕಾರಣವೂ ಗೊತ್ತಾಗಲಿಲ್ಲ.

ಹೊತ್ತು ಇಳಿಯುವಾಗ ದನಿಗಳು ಒಂದೊಂದಾಗಿ ಅಡಗಿದವು. ಮರುದಿನ ನಾಲ್ಕು ಮತ್ತೆ ಎದ್ದವು, ಅದರ ಮರುದಿನ ಇನ್ನೂ ಎರಡು. ಎಂಟನೆಯದು ಒಂದು ದಿನ ಹೆಚ್ಚು ತಡೆದು ಅದೂ ಸೋತಿತು. ಎದ್ದೇ ಏಳದೆ ಉಳಿದದ್ದು ಒಂದೇ ಒಂದು. 

ಮೂರನೇ ಮಡಿ. ಅಲ್ಲಿದ್ದದ್ದು ಯಾವ ದೇಶದಿಂದ ತರಿಸಿದ ತಳಿಯೂ ಅಲ್ಲ. ಎಂಟು ಜಾತಿ ಪೂರ್ತಿ ಸಿಗಲಿಲ್ಲವೆಂದು, ಲೆಕ್ಕ ತುಂಬಲಿ ಅಂತ ಬಸಿಗಾಲುವೆಯ ಏರಿಯಿಂದಲೇ ಕಿತ್ತು ತಂದು ನೆಟ್ಟಿದ್ದ ಒರಟು ಕುರುಚಲು. ಒಂದು ಕೊಡ ಕುಡಿದದ್ದೇ ಅದು ಹೊಡೆ ಒಡೆಯಿತು, ತೆನೆ ಹೊರಗೆ ಹಾಕಿತು, ಮತ್ತೆ ಉಪ್ಪು ನೀರಿನಲ್ಲೇ ಬೆಳೆಯಿತು. ವಿಶಾಲಾಕ್ಷಿ ಈ ಸಲ ನಂಬಲಿಲ್ಲ. ಬುಡ ಸರಿಸಿ ಬಳೆ ಹುಡುಕಿದಳು, ಮಣ್ಣು ಮುಟ್ಟಿ ನೋಡಿದಳು, ನಾಲಿಗೆಗೆ ಇಟ್ಟುಕೊಂಡಳು. ಹುಲಿಗೆಮ್ಮನ ಪಕ್ಕದಲ್ಲಿ ಕೂತು, ಐದೂ ಜನರನ್ನು ಒಬ್ಬೊಬ್ಬರನ್ನಾಗಿ ಕೇಳಿದಳು. ಯಾರೂ ಹಾಕಿರಲಿಲ್ಲ. ಮಣ್ಣು ಕಹಿ ಬರುವಷ್ಟು ಉಪ್ಪಾಗಿತ್ತು.

ಅತ್ತೆ ಗಿಡ್ಡಿಯನ್ನೇ ಹೊಡೆದುಕೊಂಡು ಮಡಿಯ ತನಕ ಬಂದಳು. ಗಿಡ್ಡಿ ಮೂರನೆಯ ಹುಲ್ಲನ್ನು ಮೂಸಿತು, ಮುಖ ತಿರುಗಿಸಿತು. ಮತ್ತೆ ಮೂಸಿ, ಒಂದು ಬಾಯಿ ಕಿತ್ತಿತು, ಅಗಿಯುತ್ತ ಯೋಚಿಸಿತು. ಆಮೇಲೆ ತಲೆ ಎತ್ತಲೇ ಇಲ್ಲ.

“ಹೊಲಕ್ಕ ಎಷ್ಟ ಸಿಹಿನೀರು ಬೇಕಾದೀತು?” ಎಂದಳು ಹಂಪಮ್ಮ. ಬಾಗಿಲು ಮುಚ್ಚಿದ ಸಂಜೆಯ ನಂತರ ಸೊಸೆಯೊಡನೆ ಅವಳು ಆಡಿದ ಮೊದಲ ನೆಟ್ಟಗಿನ ಮಾತು.

“ಇಂಥಾ ಒಂದ ಮಡಿಗೆ ಒಂದ ಕೊಡ. ಹೊಡಿ ತುಂಬಿದ ದಿನ ಅಷ್ಟ. ಮನಿ ಮಂದಿ ಎಲ್ಲಾರೂ ಅವತ್ತಿನ ಪಾಲು ಕೊಟ್ರ ಎಮ್ಮಿಗೆ ಸಾಕಾಗೂವಷ್ಟ ಬೆಳೀಬಹುದು. ಆದ್ರ ಅದು ಕುಡಿಯೂ ನೀರು ಅತ್ತಿ. ಕೊಡ್ರಿ ಅಂತ ನಾ ಹೆಂಗ ಹೇಳ್ಲಿ?”

“ನೀ ಹೇಳಬ್ಯಾಡ, ನಾ ಹೇಳ್ತೀನಿ. ಒಂದ ದಿನ ಜಳಕಾ ಬಿಡ್ತೀವಿ, ಅರ್ಧಾ ಕುಡೀತೀವಿ. ಊರ ಬಿಟ್ಟು ಹೋಗೂದಕಿಂತ ಅದೇನ ದೊಡ್ಡದಾ?” ಹಂಪಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಏರಿಯ ಮೇಲಿನ ಹುಲ್ಲಿನ ಬೇರು ಕೀಳಲು ಹೊರಟಳು. ಐದೂ ಹೆಂಗಸರು ಹಿಂದೆ ಹೋದರು. ಸಂಜೆಯ ಹೊತ್ತಿಗೆ ಬೇರಿನ ಕಟ್ಟುಗಳು ಟೆಂಪೋ ತುಂಬಿದವು. ಯರಗುಂಟಿಯ ಎಮ್ಮೆಗಳು ಸಂತೆಗೆ ಹೋಗಬೇಕಾಗಿಲ್ಲ ಎಂದು ಹಂಪಮ್ಮ ಫೋನಿನಲ್ಲಿ ಕೂಗಿದ್ದು ಕಂಟ್ರೋಲ್ ರೂಮಿನ ತನಕ ಕೇಳಿಸಿತು.

ಪರೀಕ್ಷೆ ಮುಗಿದಿತ್ತು. ಖಾಜಾಹುಸೇನ ಒಂದೊಂದೇ ಪೆಟ್ಟಿಗೆಯ ತಂತಿ ಕೀಳುತ್ತ ಬಂದ. ಮೂರನೆಯದು ಸುಮ್ಮನಿತ್ತು. ಏಳನೆಯದು ಬಿಟ್ಟು ಉಳಿದ ಆರು, ತಂತಿ ಕಿತ್ತ ಕೂಡಲೇ ಮೌನವಾದವು. ಏಳರ ಹತ್ತಿರ ಬಂದು ಅವನ ಕೈ ತಡೆಯಿತು. ಅದರ ಎಲೆ ಸುಟ್ಟಂತಾಗಿತ್ತು, ಹಸಿರು ಬಳೆಗಳು ಕಾಂಡದಿಂದ ಸಡಿಲವಾಗಿ ಜಾರಿದ್ದವು. ಅದು ಇನ್ನೂ ಸಣ್ಣಗೆ ನರಳುತ್ತಿತ್ತು. ಹೆಂಗಸರು ಯಾರೂ ಆ ಕಡೆ ನೋಡಲಿಲ್ಲ. ಅವರ ಕೊಡಗಳು ಖಾಲಿಯಾಗಿದ್ದವು.

ಆಗ ಹಂಪಮ್ಮ ಟೆಂಪೋದ ಪಕ್ಕ ಗಿಡ್ಡಿಗೆಂದು ತುಂಬಿಟ್ಟಿದ್ದ ಬಕೆಟ್ ಎತ್ತಿಕೊಂಡು ಸೀದಾ ಏಳನೇ ಮಡಿಗೆ ನಡೆದಳು.

“ಅತ್ತಿ, ಅದು ಪರೀಕ್ಷಾದಾಗ ಸೋತೈತ್ರಿ. ಸುಮ್ಮನ ನೀರು ದಂಡ.”

“ಸೋತೈತಿ ಅಂತ ಗೊತ್ತೈತಿ. ಕೇಳಸಾಕತ್ತೈತಲ್ಲ, ಅದಕ್ಕೇನ ಮಾಡ್ಲಿ?” ಎಂದು ಹಂಪಮ್ಮ ಬಕೆಟ್ ಬಗ್ಗಿಸಿದಳು.

ವಿಶಾಲಾಕ್ಷಿಯ ಚೀಲದಲ್ಲಿ ನೀರಿನ ಬಾಟಲಿ ಇತ್ತು, ತಳದಲ್ಲಿ ಒಂದೆರಡು ಗುಟುಕು. ವಿಜ್ಞಾನಿ ಮಾಡುವ ಕೆಲಸವಲ್ಲ ಇದು ಎಂದುಕೊಂಡು, ಖಾಜಾಹುಸೇನ ನೋಡುತ್ತಿದ್ದಾನೆಯೇ ಎಂದು ಓರೆಗಣ್ಣಿನಿಂದ ನೋಡಿದಳು. ಅವನು ಆ ಕಡೆಯ ಬದುವಿನಲ್ಲಿ ಬಗ್ಗಿ ಕೂತು ತನ್ನ ಬಾಟಲಿ ಖಾಲಿ ಮಾಡುತ್ತಿದ್ದ. ಅವಳೂ ಮುಚ್ಚಳ ತಿರುಗಿಸಿದಳು.

ಹೊತ್ತು ಮುಳುಗುವುದರೊಳಗೆ ಪೆಟ್ಟಿಗೆ ಸುಮ್ಮನಾಯಿತು. ಎಲ್ಲರೂ ಕೈ ಒರೆಸಿಕೊಂಡು, ಒಬ್ಬರ ಮುಖ ಒಬ್ಬರು ನೋಡಿ ನಾಚಿಕೊಂಡಂತೆ ನಕ್ಕರು. ಅಷ್ಟರಲ್ಲಿ ಟೆಂಪೋದ ಪಕ್ಕದಿಂದ ಗಿಡ್ಡಿ, ಹೊಟ್ಟೆ ತುಂಬ ಉಪ್ಪಿನ ಹುಲ್ಲು ತಿಂದು ಬಾಯಾರಿ, ನೀರಿಗಾಗಿ ಹೊಲವೆಲ್ಲ ಅದುರುವಂತೆ ಕೂಗಿತು. ಅದಕ್ಕೆ ಸ್ಪೀಕರ್ ಬೇಕಿರಲಿಲ್ಲ. ಖಾಲಿ ಬಕೆಟ್, ಖಾಲಿ ಕೊಡ, ಖಾಲಿ ಬಾಟಲಿ ಹಿಡಿದುಕೊಂಡು ಎಲ್ಲರೂ ಅದರ ಕಡೆ ತಿರುಗಿ ನಿಂತರು.